ಬೆನ್ನ ಹಿಂದಿನ ಅಡುಗೆಮನೆ

ಆ ಬೀದಿಯಲ್ಲಿ ಟೈಲರಿಗೆ ‘ಅರ್ಧಿಂಚು’ ಎಂದೇ ಹೆಸರು. ಯಾರ ಬಟ್ಟೆಯನ್ನೇ ಹೊಲಿಯಲಿ, ಒಳಮಡಿಕೆಯಲ್ಲಿ ಅರ್ಧ ಇಂಚು ಬಿಡದೆ ಅವರು ಕತ್ತರಿ ಆಡಿಸಿದವರಲ್ಲ. “ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರ್ತಾನಾ? ದಪ್ಪ ಆದ್ರೆ ಬನ್ನಿ, ಬಿಚ್ಚಿ ಕೊಡ್ತೀನಿ” ಎಂಬ ಮಾತು ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿತ್ತು. ವಯಸ್ಸು ಎಪ್ಪತ್ತೊಂದು. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತೇ ಹೊರತು ಕೈ ಇನ್ನೂ ನಡುಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಕು ಬೇಕೆಂದು ಮಿಷನ್ನನ್ನು ಬೀದಿ ಕಡೆಯ ಕಿಟಕಿಗೆ ಮುಖಮಾಡಿ ಇಟ್ಟಿದ್ದರು. ಹಿಂದೆ ಒಂದು ಬಾಗಿಲು, ಅದರಾಚೆ ಅಡುಗೆಮನೆ. ನಲವತ್ತು ವರ್ಷ ಟೈಲರು ಬೀದಿ ನೋಡಿಕೊಂಡು, ಅಡುಗೆಮನೆಗೆ ಬೆನ್ನು ಹಾಕಿಕೊಂಡು ಕೂತರು. ಬೆನ್ನ ಹಿಂದೆ ಹೆಂಡತಿ ಓಡಾಡಿಕೊಂಡಿದ್ದಳು. ಮೂರು ವರ್ಷದ ಹಿಂದೆ, ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಅಂದಿನಿಂದ ಆ ಕಡೆ ಒಂದು ಕೆಟಲ್ಲು ಕೂಗುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವಳ ಸೇಬಿನ ಪೈ ಮನೆಮಂದಿಗೆಲ್ಲ ಪ್ರಾಣ. ಬೆಣ್ಣೆ ಬೆರೆಸಿದ ಮೈದಾದ ಹಾಳೆ ಕೆಳಗೊಂದು, ಮೇಲೊಂದು. ನಡುವೆ ಸಕ್ಕರೆ, ಚಕ್ಕೆಪುಡಿ ಹಚ್ಚಿದ ಸೇಬಿನ ಹೋಳು. ಓವನ್‌ನಿಂದ ಹೊರಬಂದ ಮೇಲೆ ಚಾಕು ಇಟ್ಟರೆ ಮೇಲಿನ ಪದರ ಒಣಗಿದ ಎಲೆಯ ಹಾಗೆ ಚರಕ್ಕೆಂದು ಬಿರಿಯುತ್ತಿತ್ತು. ಮಕ್ಕಳ ಪರೀಕ್ಷೆ ಮುಗಿದರೆ ಪೈ, ಹಲ್ಲು ಬಿದ್ದರೆ ಪೈ. ಒಂದು ಸಲ ಮನೆಯ ಬೆಕ್ಕು ಎರಡು ದಿನ ಕಾಣೆಯಾಗಿ ಮರಳಿ ಬಂತೆಂದೂ ಮಾಡಿದ್ದಳು. ಬೆಕ್ಕು ಮೂಸಿಯೂ ನೋಡಲಿಲ್ಲ. ಮಕ್ಕಳು ಅದರ ಪಾಲನ್ನೂ ಹಂಚಿಕೊಂಡರು.

ಮಕ್ಕಳೆಂದರೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಎಲ್ಲವನ್ನೂ ಅಳೆದು, ಎಣಿಸಿ, ಚೀಟಿ ಅಂಟಿಸಿ ಇಡುವ ಜಾತಿ. ಚಿಕ್ಕವಳು ಈಜು ಕಲಿಸುವವಳು. ದಿನಕ್ಕೆ ನಾಲ್ಕು ಗಂಟೆ ನೀರಲ್ಲಿರುತ್ತಿದ್ದ ಆಕೆಯನ್ನು ಈಗ ಗಂಡನೇ ಒತ್ತಾಯಮಾಡಿ ದಡದಲ್ಲಿ ಕೂರಿಸಿದ್ದ. ಅವಳಿಗೆ ಐದು ತಿಂಗಳಾಗಿತ್ತು.

ಒಂದು ಶನಿವಾರ ಚಿಕ್ಕವಳು ಎರಡು ಸ್ಕರ್ಟುಗಳನ್ನು ಕಂಕುಳಲ್ಲಿಟ್ಟುಕೊಂಡು ಅಪ್ಪನ ಅಂಗಡಿಗೆ ಬಂದಳು. ಸೊಂಟ ಬಿಗಿಯಾಗುತ್ತಿದೆ, ಬಿಚ್ಚಿಕೊಡು ಎಂದಳು. ಟೈಲರು ಹೊಲಿಗೆ ಬಿಚ್ಚುತ್ತ ಮಗಳ ಮುಖ ನೋಡಿದರು. ಸೊಂಟ ದಪ್ಪಗಾಗಿತ್ತು, ಕೆನ್ನೆ ಇಳಿದುಹೋಗಿತ್ತು. ಊಟ ಮಾಡಿದೆಯಾ ಎಂದು ಕೇಳಿದರೆ, ಮಾಡಿದೆ, ಅದು ಒಳಗೆ ನಿಲ್ಲಲಿಲ್ಲ ಎಂದು ನಕ್ಕಳು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಅಕ್ಕ ಅದಕ್ಕೆ ಚೀಟಿ ಅಂಟಿಸಿಕೊಟ್ಟಿದ್ದಾಳೆ, ಆದರೂ ಅನ್ನದ ತಟ್ಟೆ ಕಂಡರೆ ಹೊಟ್ಟೆ ತೊಳಸುತ್ತದೆ ಎಂದಳು. ಆಮೇಲೆ ಬೀದಿಯ ಕಡೆ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಒಂದು ಮಾತು ಆಡಿದಳು.

“ಅಮ್ಮನ ಪೈ ಇದ್ದಿದ್ರೆ ಎರಡು ತುಂಡು ತಿಂತಿದ್ದೆ, ನೋಡು.”

ಟೈಲರ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವರು ಸ್ಕರ್ಟು ಹೊಲಿದುಕೊಟ್ಟು, ಮಗಳನ್ನು ಬಸ್ಸು ಹತ್ತಿಸಿ ಬಂದು, ನೇರವಾಗಿ ದೊಡ್ಡವಳಿಗೆ ಫೋನು ಮಾಡಿದರು. ಪೈ ಮಾಡುವುದು ಹೇಗೆ ಎಂದು ಕೇಳಿದರು.

ಅಮ್ಮ ಹೋದ ಮೇಲೆ ತಾನು ಹನ್ನೊಂದು ಸಲ ಪ್ರಯತ್ನಪಟ್ಟು ಸೋತಿದ್ದಾಗಿ ದೊಡ್ಡವಳು ಹೇಳಿದಳು. ಅಮ್ಮ ಒಂದು ಅಕ್ಷರವನ್ನೂ ಬರೆದಿಟ್ಟಿರಲಿಲ್ಲ. ಪೈ ಆಗುತ್ತಿದ್ದುದು ಮಕ್ಕಳು ಶಾಲೆಯಲ್ಲಿದ್ದ ಹೊತ್ತಿಗೆ, ಅವರು ಬರುವಷ್ಟರಲ್ಲಿ ಅದು ಮೇಜಿನ ಮೇಲೆ ಆರುತ್ತಿರುತ್ತಿತ್ತು. “ಅದು ಅಮ್ಮನ ಜೊತೇಲೇ ಹೋಯ್ತು ಅಪ್ಪ. ಬಿಟ್ಟುಬಿಡು” ಎಂದಳು.

ಟೈಲರಿಗೆ ಸಿಟ್ಟು ಬಂತು. ಬಿಟ್ಟುಬಿಡು ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ನಲವತ್ತು ವರ್ಷ ಅದೇ ಮನೆಯಲ್ಲಿ ಕೂತವನು ನಾನು, ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ಫೋನಿಟ್ಟರು. ಇಟ್ಟ ಮೇಲೆ ಯೋಚಿಸಿದರೆ, ನಲವತ್ತು ವರ್ಷದಲ್ಲಿ ಒಂದು ಸಲವೂ ತಿರುಗಿ ನೋಡಿದ ನೆನಪಿರಲಿಲ್ಲ.

ಸೋಮವಾರ ಅಂಗಡಿಗೆ ರಜೆ. ಟೈಲರು ಬೆಳಿಗ್ಗೆಯೇ ಮೈದಾ, ಬೆಣ್ಣೆ, ಸೇಬು ತಂದು, ಅಂಗಡಿಯ ಏಪ್ರನ್ನನ್ನೇ ಕಟ್ಟಿಕೊಂಡು ಅಡುಗೆಮನೆಗೆ ಇಳಿದರು. ಬಟ್ಟೆಯ ಲೆಕ್ಕದಲ್ಲೇ ಕೆಲಸ ಶುರುವಾಯಿತು. ತಟ್ಟೆಯ ಸುತ್ತಳತೆಯನ್ನು ಟೇಪು ಹಿಡಿದು ಅಳೆದರು. ಕಣಕ ಗಟ್ಟಿಮುಟ್ಟಾಗಿರಬೇಕೆಂದು ಅರ್ಧ ಗಂಟೆ ಮೈಯೆಲ್ಲ ಬೆವರುವಂತೆ ನಾದಿದರು. ಲಟ್ಟಿಸಲು ಹೋದರೆ ಅದು ಚಾಚಿದಷ್ಟೂ ಹಿಂದಕ್ಕೆ ಬಂದು ಮುದುರಿಕೊಂಡಿತು. ತೊಳೆಯದ ಹತ್ತಿಬಟ್ಟೆ ಹೀಗೇ ಕುಗ್ಗುವುದು ಎಂದು ಬೈದುಕೊಳ್ಳುತ್ತ ಹಟ ಹಿಡಿದು ಎಳೆದು, ಸೇಬು ತುಂಬಿ, ಓವನ್‌ಗೆ ತಳ್ಳಿದರು.

ಹೊರಬಂದದ್ದನ್ನು ಕೊಯ್ಯಲು ಅಡುಗೆಮನೆಯ ಚಾಕು ಸಾಲಲಿಲ್ಲ. ಪಕ್ಕದಂಗಡಿಯ ಚಪ್ಪಲಿ ರಿಪೇರಿಯವನು ಅವರ ಮೂವತ್ತು ವರ್ಷದ ಗೆಳೆಯ. ವಾಸನೆ ಹಿಡಿದು ಬಂದವನ ಕೈಗೆ ಟೈಲರು ಒಂದು ತುಂಡು ಇಟ್ಟರು. ಅವನು ಅದನ್ನು ಉಗುರಿನಿಂದ ತಟ್ಟಿ ನೋಡಿದ, ಬಗ್ಗಿಸಿ ನೋಡಿದ, ಬೆಳಕಿಗೆ ಹಿಡಿದೂ ನೋಡಿದ.

“ಹೊರಗಿನ ಅಟ್ಟೆಗೆ ಆಗಲ್ಲ, ಮಳೇಲಿ ನೆನೆಯುತ್ತೆ. ಒಳಗಿನ ಅಟ್ಟೆಗೆ ಒಂದು ವರ್ಷ ಮೋಸ ಇಲ್ಲ” ಎಂದ.

ಇಬ್ಬರೂ ಅದನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದು ಮುಗಿಸಿದರು. ಸೇಬು ಮಾತ್ರ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಟೈಲರು ಒಂದು ಪ್ಯಾಂಟಿನ ಜೇಬು ಕೂರಿಸುತ್ತಿದ್ದರು. ಪೆಡಲು ತುಳಿಯುತ್ತ ಹೊಲಿಗೆಯ ತುದಿಗೆ ಬಂದು ಕಾಲು ನಿಲ್ಲಿಸಿದಾಗ, ಹಿಂದುಗಡೆಯ ಮೌನ ಕಿವಿಗೆ ಬಡಿಯಿತು. ಹೀಗೆ ಮಿಷನ್ನು ನಿಂತಾಗಲೆಲ್ಲ ಮೊದಲು ಒಂದಲ್ಲ ಒಂದು ಸದ್ದು ಆ ಬಾಗಿಲಿನಿಂದ ಬರುತ್ತಿತ್ತು. ಪಾತ್ರೆಯದೋ ನಲ್ಲಿಯದೋ, ಇಲ್ಲವೆಂದರೆ ಅವಳ ಕೆಮ್ಮು. ಪೈ ದಿನ ಏನೇನು ಬರುತ್ತಿತ್ತು ಎಂದು ಅವರು ಸುಮ್ಮನೆ ನೆನೆಯಲು ಹೊರಟರು. ನೆನೆದಂತೆಲ್ಲ ಅವರ ಕೈಯೇ ಮಿಷನ್ನಿನಿಂದ ಕೆಳಗಿಳಿಯಿತು.

ಅವಳು ಬೇರೆ ದಿನ ಹಿಟ್ಟು ನಾದಿದರೆ ಮೇಜು ಧಡಧಡ ಎನ್ನುತ್ತಿತ್ತು. ಪೈ ದಿನ ಆ ಸದ್ದೇ ಇರಲಿಲ್ಲ. ಮೊದಲು ಫ್ರಿಜ್ಜಿನ ಬಾಗಿಲು ತೆಗೆದ ಸದ್ದು, ಹಿಂದೆಯೇ ಕರಕರ, ಕರಕರ ಎಂದು ಏನನ್ನೋ ತುರಿಯುವುದು. ಕ್ಯಾರೆಟ್ ತುರಿಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಆದರೆ ಪೈಯಲ್ಲಿ ಕ್ಯಾರೆಟ್ ಎಲ್ಲಿತ್ತು? ನಲ್ಲಿ ಒಂದೇ ಒಂದು ಕ್ಷಣ ತೆರೆದು ಮುಚ್ಚುತ್ತಿತ್ತು. ಮತ್ತೆ ಫ್ರಿಜ್ಜು. ಆಮೇಲೆ ಸೇಬು ಹೆಚ್ಚುವ ಟಕ್ ಟಕ್, ನಿಧಾನವಾಗಿ, ಎಂದರೆ ಹೋಳು ದಪ್ಪ. ಮೂರನೇ ಸಲ ಫ್ರಿಜ್ಜು, ಲಟ್ಟಣಿಗೆ ಉರುಳುವುದು, ಓವನ್ನಿನ ಬಾಗಿಲು. ಎರಡನೇ ಫ್ರಿಜ್ಜಿನಿಂದ ಮೂರನೆಯದರವರೆಗೆ ತಮ್ಮ ಕೈಯಲ್ಲಿ ಒಂದು ಅಂಗಿಯ ಕಾಲರು, ಎರಡು ಕಫ್ಫು ಮುಗಿಯುತ್ತಿದ್ದವು. ಓವನ್ನಿನ ಬಾಗಿಲು ಹಾಕಿದಲ್ಲಿಂದ ಮತ್ತೆ ತೆಗೆಯುವವರೆಗೆ ಒಂದು ಪ್ಯಾಂಟು, ಜೇಬುಗಳ ಸಮೇತ.

ಟೈಲರು ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆ ತಿರುಗಿಸಿ ಇದನ್ನೆಲ್ಲ ಬರೆದುಕೊಂಡರು. ಬರೆಯುವಾಗ ಎರಡು ಸಲ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಭಾನುವಾರ ದೊಡ್ಡವಳು ಎಲೆಕ್ಟ್ರಾನಿಕ್ ತಕ್ಕಡಿ ಹೊತ್ತುಕೊಂಡು ಬಂದಳು. ಅಪ್ಪನ ಹಾಳೆ ಓದಿ ಮೊದಲು ನಕ್ಕಳು. ಇದನ್ನು ನೋಡಿ ಅಡುಗೆ ಮಾಡುವುದು ಹೇಗೆ, ಕಾಲರಿಗೆ ಎಷ್ಟು ಗ್ರಾಂ ಎಂದು ಕೇಳಿದಳು. ಕಾಲರಿಗೆ ಗ್ರಾಂ ಇಲ್ಲ, ನಿಮಿಷ ಇದೆ, ಕಫ್ಫು ಸೇರಿದರೆ ನಲವತ್ತು ಎಂದು ಟೈಲರು ಗಂಭೀರವಾಗಿ ಉತ್ತರಿಸಿದರು. ಆದರೆ ‘ಫ್ರಿಜ್ಜು, ಆಮೇಲೆ ಕರಕರ’ ಎಂಬಲ್ಲಿಗೆ ಬಂದಾಗ ಅವಳ ನಗು ನಿಂತಿತು.

“ಬೆಣ್ಣೆ ಅಪ್ಪ. ಗಡ್ಡೆ ಕಟ್ಟಿಸಿಟ್ಟ ಬೆಣ್ಣೇನ ತುರೀತಿದ್ದಳು. ನಾನು ಹನ್ನೊಂದು ಸಲವೂ ಮೆತ್ತಗೆ ಮಾಡಿ ಹಾಕಿದೆ.”

ಅವಳು ತೂಗಿದಳು, ಟೈಲರು ತುರಿದರು. ತಣ್ಣನೆಯ ಬೆಣ್ಣೆಯ ಎಳೆಗಳು ಮೈದಾದೊಳಕ್ಕೆ ಉದುರಿದವು. ನಾದಬೇಡ, ಬೆರಳಲ್ಲಿ ಸವರಿ ಒಟ್ಟುಮಾಡು ಸಾಕು ಎಂದಳು ಮಗಳು. ಕಚ್ಚಾ ಹೊಲಿಗೆಯ ಹಾಗೆ ಎಂದರು ಅಪ್ಪ. ನೀರು ಚಮಚದ ಲೆಕ್ಕದಲ್ಲಿ ಬಿತ್ತು. ಕಣಕ ಫ್ರಿಜ್ಜಿನಲ್ಲಿ ಕೂತಿರುವಷ್ಟು ಹೊತ್ತು ಟೈಲರು ನಿಜವಾಗಿಯೂ ಒಂದು ಕಾಲರು ಹೊಲಿಯಲು ಹೋದರು, ಸಮಯ ತಪ್ಪಬಾರದೆಂದು. ಮಗಳು ಗೋಡೆಯ ಗಡಿಯಾರ ತೋರಿಸಿದರೂ ಕೇಳಲಿಲ್ಲ.

ಮೇಲಿನ ಪದರ ಎದ್ದು ಹೊಂಬಣ್ಣಕ್ಕೆ ಬಂದದ್ದನ್ನು ಕಂಡು ಇಬ್ಬರೂ ಓವನ್ನಿನ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಕುಲುಕಿದರು. ಕೊಯ್ದು ನೋಡಿದಾಗ ಆ ಸಂತೋಷ ಅರ್ಧಕ್ಕೆ ಇಳಿಯಿತು. ಮೇಲ್ಭಾಗ ಚರಚರ, ತಳ ಮಾತ್ರ ಸೇಬಿನ ರಸ ಕುಡಿದು ಹಿಂಡದೆ ಬಿಟ್ಟ ಒದ್ದೆಬಟ್ಟೆ. ಎತ್ತಿದರೆ ಜೋತುಬಿದ್ದು, ಹೋಳುಗಳೆಲ್ಲ ತಟ್ಟೆಗೆ ಬಿದ್ದವು. ತನ್ನದೂ ಪ್ರತಿ ಸಲ ಹೀಗೇ ಆಗುತ್ತಿತ್ತು ಎಂದು ದೊಡ್ಡವಳು ಕುರ್ಚಿಯಲ್ಲಿ ಕುಸಿದಳು.

ಸೋತವರಿಗೆ ಚಹಾ ಬೇಕಲ್ಲ. ಅವಳೇ ಎದ್ದು ಮಾಡಿದಳು. ಅಪ್ಪನ ಲೋಟದ ಪಕ್ಕ ಎಂದಿನಂತೆ ಎರಡು ರಸ್ಕು ಇಟ್ಟಳು. ಟೈಲರು ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಡಬ್ಬಿಗೆ ವಾಪಸು ಹಾಕಿದರು. ಏಕೆಂದು ಮಗಳು ಕೇಳಿದ್ದಕ್ಕೆ, ಪೈ ದಿನ ತನಗೆ ಒಂದೇ ಎಂದರು. ನಿಮ್ಮಮ್ಮನ ಕಾಯಿದೆ ಅದು. ಒಮ್ಮೆ ಜಗಳವಾಡಿಯೂ ನೋಡಿದ್ದೆ, ‘ಹೊಟ್ಟೇಲಿ ಪೈಗೆ ಜಾಗ ಇರಲಿ ರೀ’ ಎಂದು ಬಾಯಿ ಮುಚ್ಚಿಸಿದ್ದಳು ಎಂದು ಹೇಳಿ ರಸ್ಕು ಅದ್ದಿದರು.

ದೊಡ್ಡವಳು ಲೋಟ ಕೆಳಗಿಟ್ಟಳು.

“ಇನ್ನೊಂದು ರಸ್ಕು ಎಲ್ಲಿಗೆ ಹೋಗ್ತಿತ್ತು?”

“ಎಲ್ಲಿಗೆ ಅಂದ್ರೆ? ಡಬ್ಬೀಲೇ ಇರ್ತಿತ್ತು.”

“ನೀನು ನೋಡಿದ್ದೀಯಾ?”

ನೋಡಿದವರು ಯಾರು? ಟೈಲರು ಅದ್ದಿದ ರಸ್ಕು ಬಾಯಿಗೆ ಹೋಗದೆ ಲೋಟದಲ್ಲೇ ಮುರಿದು ಮುಳುಗಿತು. ಅವರ ಕಿವಿಗೆ ಇನ್ನೊಂದು ಸದ್ದು ನೆನಪಾಗಿತ್ತು. ಸೇಬು ಹೆಚ್ಚಿದ ಮೇಲೆ ಲಟ್ಟಣಿಗೆಯಡಿಯಲ್ಲಿ ಏನೋ ಪುಡಿಪುಡಿಯಾಗುತ್ತಿತ್ತು. ಸಕ್ಕರೆಯ ಗಟ್ಟಿ ಒಡೆಯುತ್ತಿದ್ದಾಳೆ ಎಂದುಕೊಂಡು, ಅದನ್ನು ಬರೆಯುವ ಗೋಜಿಗೇ ಹೋಗಿರಲಿಲ್ಲ. ಅದು ಸಕ್ಕರೆಯಲ್ಲ, ತಮ್ಮ ರಸ್ಕು. ಪುಡಿಮಾಡಿ ಕೆಳಗಿನ ಹಾಳೆಯ ಮೇಲೆ ಉದುರಿಸಿ, ಅದರ ಮೇಲೆ ಸೇಬು ಜೋಡಿಸುತ್ತಿದ್ದಳು. ರಸವನ್ನೆಲ್ಲ ಅದು ಕುಡಿಯುತ್ತಿತ್ತು.

“ಅಸ್ತರು. ಕೋಟಿಗೆ ಒಳಗೆ ಕೊಡ್ತೀವಲ್ಲ, ಹಾಗೆ. ನಲವತ್ತು ವರ್ಷ ನನ್ನ ರಸ್ಕಲ್ಲಿ ಅಸ್ತರು ಕೊಟ್ಟಿದ್ದಾಳೆ, ನನಗೇ ಹೇಳದೆ” ಎಂದರು ಟೈಲರು.

ದೊಡ್ಡವಳು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಅದು ನಗುವಿನದೋ ಬೇರೆಯದೋ ತಿಳಿಯದೆ ಟೈಲರು ತಮ್ಮ ಏಪ್ರನ್ನಿನ ಅಂಚು ಕೊಟ್ಟರು. ಅವಳು ಅದರಲ್ಲೇ ಮುಖ ಒರೆಸಿಕೊಂಡು, ಮೂಗಿಗೆಲ್ಲ ಮೈದಾ ಮಾಡಿಕೊಂಡಳು.

ಮುಂದಿನ ಭಾನುವಾರ ದೊಡ್ಡವಳು ಮತ್ತೆ ಬಂದಾಗ, ಪೈಗೆ ಟೈಲರು ತಮ್ಮ ಕೈಚಳಕವನ್ನೆಲ್ಲ ತೋರಿಸಿದರು. ಮೇಲಿನ ಹಾಳೆಯನ್ನೂ ಕೆಳಗಿನದನ್ನೂ ಸೇರಿಸಿ ಅಂಚಿಗೆ ಸಣ್ಣ ನೆರಿಗೆ ಹಿಡಿದರು, ಒಂದೊಂದೂ ಒಂದೇ ಅಗಲ. ಹಬೆ ಹೋಗಲು ನಡುವೆ ಹಾಕಿದ ನಾಲ್ಕು ಸೀಳು ಥೇಟು ಗುಂಡಿಯ ಕಾಜಾಗಳ ಹಾಗೆ ಸಾಲಾಗಿ ನಿಂತವು. ಬೆಂದು ಹೊರಬಂದದ್ದನ್ನು ನೋಡಲು ಚಪ್ಪಲಿ ರಿಪೇರಿಯವನನ್ನು ಕರೆದರು. ಅವನು ಈ ಸಲ ಉಗುರಲ್ಲಿ ತಟ್ಟಲಿಲ್ಲ. ಇದಕ್ಕೆ ನಮ್ಮ ಕಡೆ ಕೆಲಸವಿಲ್ಲ ಎಂದು ಹೇಳಿ, ಒಂದು ತುಂಡು ತನಗೂ ಎತ್ತಿಡಬೇಕೆಂದು ಮಾತು ತೆಗೆದುಕೊಂಡು ಹೋದ.

ಚಿಕ್ಕವಳ ಮನೆ ಆರು ನಿಲ್ದಾಣ ದೂರ. ಬಿಸಿ ಆರಬಾರದೆಂದು ಟೈಲರು ಪೈಯನ್ನು ತಮ್ಮ ಹಳೆಯ ಉಣ್ಣೆಯ ಕೋಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದೊಡ್ಡವಳ ಪಕ್ಕ ಕೂತರು. ಎರಡು ನಿಲ್ದಾಣ ದಾಟುವುದರೊಳಗೆ ಬಸ್ಸಿಡೀ ಚಕ್ಕೆ ಮತ್ತು ಬೆಣ್ಣೆಯ ಪರಿಮಳ. ಹಿಂದಿನ ಸೀಟಿನವರು ಒಬ್ಬೊಬ್ಬರಾಗಿ ಮುಂದೆ ಸರಿದು ಬಂದರು. ಡ್ರೈವರಮ್ಮ ಕನ್ನಡಿಯಲ್ಲೇ ನೋಡುತ್ತ, ಆ ಗಂಟಿನಲ್ಲಿ ಏನಿದೆ ಯಜಮಾನರೇ ಎಂದು ಕೇಳಿದಳು. ಕೋಟು ಎಂದರು ಟೈಲರು. ಇಂಥ ಕೋಟು ತನಗೂ ಒಂದು ಹೊಲಿದುಕೊಡಿ, ಉಪವಾಸ ಬಿದ್ದು ಬಸ್ಸು ಓಡಿಸುತ್ತಿದ್ದೇನೆ ಎಂದಳು. ಬಸ್ಸೆಲ್ಲ ನಕ್ಕಿತು. ದೊಡ್ಡವಳು ಸಂಕೋಚದಿಂದ ಕಿಟಕಿಯಾಚೆ ನೋಡಿದಳು. ಆದರೆ ಇಳಿಯುವಾಗ ಅಪ್ಪನ ವಿಳಾಸ ಬರೆದ ಚೀಟಿಯನ್ನು ಡ್ರೈವರಮ್ಮನಿಗೆ ಕೊಟ್ಟವಳೂ ಅವಳೇ.

ಚಿಕ್ಕವಳು ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದಳು. ಲಿಫ್ಟು ರಿಪೇರಿ ಮಾಡುವ ಅಳಿಯ ಬಾಗಿಲು ತೆರೆದ. ಕೋಟು ಬಿಚ್ಚುವ ಮೊದಲೇ ಅವಳು ಎದ್ದು ಕೂತಳು.

“ಏನದು?” ಎಂದಳು. ಅಳಿಯ ಚಾಕು ತಂದ. ಚರಕ್ಕೆಂದು ಮೇಲಿನ ಪದರ ಬಿರಿದ ಸದ್ದು ಕೋಣೆಯ ನಾಲ್ವರಿಗೂ ಕೇಳಿಸಿತು.

ಮೊದಲ ತುಂಡನ್ನು ಅವಳು ಪೂರ್ತಿ ತಿಂದಳು. ಎಲ್ಲರೂ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ಏನೂ ತೊಳಸಲಿಲ್ಲ. ಎರಡನೆಯದನ್ನು ತಾನೇ ಎತ್ತಿಕೊಂಡಳು. ಮೂರನೆಯದಕ್ಕೆ ಕೈ ಹಾಕಿದಾಗ ಅಕ್ಕ, ಸ್ವಲ್ಪ ತಡಿ, ಗಂಟೆ ಬಿಟ್ಟು ತಿನ್ನು ಎಂದಳು. ಚಿಕ್ಕವಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ಅಮ್ಮಂದೇ ಇದು. ಅಪ್ಪಾ, ಇದು ಅಮ್ಮಂದೇ. ಯಾರು ಹೇಳಿಕೊಟ್ಟರು?”

ದೊಡ್ಡವಳು ರಸ್ಕಿನ ಕಥೆಯನ್ನು ಬಣ್ಣ ಕಟ್ಟಿ ಹೇಳಿದಳು. ಅಳಿಯನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಎಲ್ಲರೂ ತಿನ್ನುತ್ತಿದ್ದರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಟೈಲರೂ ತಮ್ಮ ತುಂಡನ್ನು ತಿಂದರು. ಚೆನ್ನಾಗಿತ್ತು. ಆದರೆ ಅವರ ನಾಲಗೆ ಏನನ್ನೋ ಹುಡುಕಿ ಸಿಗದೆ ಸುಮ್ಮನಾಯಿತು. ಮಕ್ಕಳ ಖುಷಿಗೆ ಕಲ್ಲು ಹಾಕಬಾರದೆಂದು ಅವರು ತಲೆಯಾಡಿಸುತ್ತ ಕೂತರು.

ಚಿಕ್ಕವಳ ಕಣ್ಣಿಗೆ ಅದು ತಪ್ಪಲಿಲ್ಲ. ಏನಪ್ಪ, ನಿನಗೆ ಹಿಡಿಸಲಿಲ್ಲವಾ ಎಂದು ಕೇಳಿದಳು.

“ಹಿಡಿಸ್ತು. ಆದ್ರೆ ಏನೋ ಒಂದು ಕಮ್ಮಿ ಇದೆ. ಅವಳದ್ದು ಸ್ವಲ್ಪ ಕಹಿ ಇರ್ತಿತ್ತು.”

ಕಹಿಯಾ ಎಂದು ಹೆಣ್ಣುಮಕ್ಕಳಿಬ್ಬರೂ ಒಟ್ಟಿಗೆ ಕೇಳಿದರು. ಅಮ್ಮನ ಪೈ ಯಾವತ್ತೂ ಕಹಿ ಇರಲಿಲ್ಲ ಎಂದು ವಾದ ಹೂಡಿದರು. ಟೈಲರು ಬಿಡಲಿಲ್ಲ. ಕಪ್ಪಾಗಿ, ಗರಿಗರಿಯಾಗಿ, ಒಂದು ಚೂರು ಕಹಿಯಾಗಿ ಇರುತ್ತಿತ್ತು, ಪೈ ಎಂದರೆ ಅದೇ ಎಂದರು. ದೊಡ್ಡವಳು ಒಂದು ನಿಮಿಷ ಯೋಚಿಸಿ, ಆ ಓವನ್ನಿನಲ್ಲಿ ಎಡಗಡೆ ಉರಿ ಜಾಸ್ತಿ, ಅದಕ್ಕೇ ನಡುವೆ ತಟ್ಟೆಯನ್ನು ತಿರುಗಿಸಿ ಇಟ್ಟಿದ್ದೆ ಎಂದಳು. ಅಮ್ಮ ತಿರುಗಿಸುತ್ತಿರಲಿಲ್ಲ. ಒಂದು ಕಡೆ ಸೀಯುತ್ತಿತ್ತು.

“ಆ ಸೀದಿದ್ದು ಯಾವಾಗ್ಲೂ ನಿನ್ನ ತಟ್ಟೆಗೆ ಹಾಕ್ತಿದ್ದಳು ಅಪ್ಪ. ನಮಗೆ ಕೊಡ್ತಾನೇ ಇರಲಿಲ್ಲ” ಎಂದಳು ಚಿಕ್ಕವಳು.

ಟೈಲರಿಗೆ ಆಗ ನೆನಪಾಯಿತು. ಮದುವೆಯಾದ ಹೊಸತು. ಅವಳು ಮೊಟ್ಟಮೊದಲು ಮಾಡಿದ ಪೈ, ಒಂದು ಮಗ್ಗುಲು ಪೂರ್ತಿ ಕಪ್ಪು. ತಟ್ಟೆ ಮುಂದಿಟ್ಟುಕೊಂಡು ಅಳುವಂತೆ ನಿಂತಿದ್ದಳು. ಸಮಾಧಾನ ಮಾಡಲು ಬೇರೇನೂ ತೋಚದೆ, ಆ ಕಪ್ಪು ಕಡೆಯನ್ನೇ ಕೊಯ್ದುಕೊಂಡು ತಿಂದು, ‘ನನಗೆ ಇದೇ ಇಷ್ಟ, ಸೀದಿರೋದೇ ರುಚಿ’ ಎಂದಿದ್ದರು. ಹೊಸ ಗಂಡ ಆಡಿದ ಒಂದು ಸುಳ್ಳು. ಅವಳು ಅದನ್ನು ನಂಬಿದ್ದಳು. ನಂಬಿ, ನಲವತ್ತು ವರ್ಷ ತಟ್ಟೆ ತಿರುಗಿಸದೆ, ಗಂಡನಿಗೆಂದೇ ಒಂದು ಮಗ್ಗುಲು ಸೀಯಿಸಿ, ಆ ತುಂಡನ್ನು ಮಕ್ಕಳ ಕೈಗೆ ಸಿಗದಂತೆ ಕಾದಿಟ್ಟು ಕೊಟ್ಟಿದ್ದಳು. ತಿಂದು ತಿಂದು ಅವರಿಗೂ ಅದೇ ನಿಜವಾಗಿ ಹೋಗಿತ್ತು.

ಟೈಲರು ಇದನ್ನೆಲ್ಲ ಮಕ್ಕಳಿಗೆ ಹೇಳಿದರು. ಆಮೇಲೆ ಅಳಿಯ, ಮಾವ, ನೀವು ನಿಜ ಹೇಳಿಬಿಟ್ಟಿದ್ದರೆ ನಲವತ್ತು ವರ್ಷ ಒಳ್ಳೇ ಪೈ ತಿನ್ನಬಹುದಿತ್ತು ಎಂದ. ಮೊದಲು ನಕ್ಕವರು ಟೈಲರೇ. ಚಿಕ್ಕವಳು ಹೊಟ್ಟೆ ಹಿಡಿದುಕೊಂಡು, ನಗಿಸಬೇಡಿ, ಒಳಗೆ ಒದೀತಿದೆ ಎಂದಳು.

ಆ ವಾರ ಅವಳು ಮೂರು ಹೊತ್ತೂ ಅಲ್ಪಸ್ವಲ್ಪ ಉಂಡಳು. ಮುಂದಿನ ಭಾನುವಾರ ತಾನೇ ಅಪ್ಪನ ಮನೆಗೆ ಬಂದು, ಅಡುಗೆಮನೆಯ ಮೇಜಿಗೆ ಆನಿಕೊಂಡು ಸೇಬು ಹೆಚ್ಚಿಕೊಟ್ಟಳು. ದೊಡ್ಡವಳು ಗಡಿಯಾರ ನೋಡಿ ತಟ್ಟೆ ತಿರುಗಿಸಲು ಎದ್ದಾಗ, ಟೈಲರು ಓವನ್ನಿಗೆ ಅಡ್ಡ ನಿಂತರು. ತಿರುಗಿಸಬೇಡ ಎಂದರು.

ಒಂದು ಮಗ್ಗುಲು ಚೆನ್ನಾಗಿಯೇ ಕಪ್ಪಾಯಿತು. ಚಿಕ್ಕವಳು ಆ ತುಂಡನ್ನು ಕೊಯ್ದು ಅಪ್ಪನ ತಟ್ಟೆಗೆ ಹಾಕಿದಳು. ಟೈಲರು ಅವಸರವಿಲ್ಲದೆ, ಚೂರೂ ಬಿಡದೆ ತಿಂದು, ಈಗ ಸರಿಹೋಯಿತು ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದರು.

“ಸೀದಿದ್ದು ಖಾಲಿ ಆಯ್ತು ಅಪ್ಪ. ಇನ್ನು ನಿನಗೆ ಚೆನ್ನಾಗಿರೋದೇ ಗತಿ” ಎಂದಳು ಮಗಳು.

ಆಗಲಿ, ಅದನ್ನೇ ಹಾಕು ಎಂದರು ಟೈಲರು.